ಬಚ್ಚಲೊಲೆಯ ಮೇಲೆ ಎರಡು ಜೊತೆ ಶೂ

ನನಗೆ ನಡೆಯುವುದಕ್ಕಿಂತ ನಡೆಯಲು ತಯಾರಾಗುವುದು ಇಷ್ಟ. ಇದು ನನಗೆ ಗೊತ್ತಾದದ್ದು ಇತ್ತೀಚೆಗೆ. ನನ್ನ ಹೆಂಡತಿ ಸುಮಿತ್ರಾಗೆ ಮಾತ್ರ ಬಹಳ ಹಿಂದೆಯೇ ಗೊತ್ತಿತ್ತಂತೆ. "ಮೊದಲೇ ಹೇಳಬಾರದಿತ್ತಾ?" ಎಂದು ಕೇಳಿದರೆ, "ಹೇಳಿದ್ರೆ ಅದನ್ನ ಕೇಳಿಸಿಕೊಳ್ಳೋಕೂ ತಯಾರಿ ಮಾಡ್ತಿದ್ರಿ" ಎನ್ನುತ್ತಾಳೆ.

ವಿಷಯ ಇಷ್ಟೇ. ನಮ್ಮ ತೋಟ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಿಕ್ಕಿನಲ್ಲಿದೆ. ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಕಣದಾಚೆ ಕಣಿವೆ, ಕಣಿವೆಯಾಚೆ ಉದ್ದಕ್ಕೆ ಗುಡ್ಡಸಾಲು. ಕೆಳಗೆ ದಟ್ಟ ಕಾಡು, ಮೇಲೆ ಬರೀ ಹುಲ್ಲು. ಸುಮಿತ್ರಾ ಮದುವೆಯಾಗಿ ಬಂದ ಹೊಸದರಲ್ಲಿ ಕಣದಲ್ಲಿ ನಿಂತು ಆ ಸಾಲನ್ನು ನೋಡುತ್ತಾ, "ಅಲ್ಲಿಂದ ನಮ್ಮನೆ ಹೆಂಗೆ ಕಾಣ್ತದೆ?" ಎಂದು ಕೇಳಿದ್ದಳು. ಅದು ಮೊದಲ ವರ್ಷವೋ ಎರಡನೆಯದೋ, ಕೇಳಿದ್ದು ನನ್ನನ್ನೋ ನನ್ನ ಅಮ್ಮನನ್ನೋ, ಈಗ ಹೇಳಲಾರೆ. ಎಂ.ಎ. ಓದುವ ಕಾಲದಿಂದ ದಿನಚರಿ ಬರೆಯುವ ಅಭ್ಯಾಸವಿದ್ದರೂ ಇಂಥದ್ದು ಯಾವುದೂ ಅದರಲ್ಲಿ ಸಿಗುವುದಿಲ್ಲ. ದಿನಚರಿ ಇಡುವವನಿಗೆ ನೆನಪಿನ ಮೇಲೆ ನಂಬಿಕೆಯಿರುವುದಿಲ್ಲ. ಹಾಗೆಂದು ಬರೆಯಬೇಕಾದ್ದು ಯಾವುದು ಎಂಬುದೂ ಅವನಿಗೆ ಆ ದಿನ ತಿಳಿದಿರುವುದಿಲ್ಲ. ನಾನಂತೂ ಮಳೆ ಬರೆಯುತ್ತೇನೆ.

ಮಳೆ ಬರೆಯುವುದು ನಮ್ಮ ಕಡೆಯ ರೋಗ. ಪ್ರತಿ ತೋಟದಲ್ಲೂ ಮಳೆ ಅಳೆಯುವ ಪಾತ್ರೆಯೊಂದಿರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ನೀರು ಅಳೆದು, ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಬರೆದಿಟ್ಟು, ಆಮೇಲೆ ಅಕ್ಕಪಕ್ಕದವರಿಗೆ ಫೋನು. "ನಿಮ್ಮಲ್ಲೆಷ್ಟು?" "ನಮ್ಮಲ್ಲಿಷ್ಟು." ಕ್ಷೇಮಸಮಾಚಾರವೆಲ್ಲ ಅದರಲ್ಲೇ ಮುಗಿಯಿತು. ಪಕ್ಕದ ತೋಟದ ಸುಬ್ಬೇಗೌಡರು ನನಗಿಂತ ಹಿರಿಯರು, ದಿನಾ ಫೋನು ಮಾಡುತ್ತಾರೆ. ಅವರಿಗೆ ನನಗಿಂತ ಐದು ಸೆಂಟಾದರೂ ಹೆಚ್ಚು ಬರಲೇಬೇಕು. ಕಡಿಮೆಯಾದ ದಿನ ಪಾತ್ರೆಯ ಮೇಲೆ ಮರದ ಕೊಂಬೆ ಬಾಗಿತ್ತು ಎನ್ನುತ್ತಾರೆ.

ಅವಳ ಆ ಪ್ರಶ್ನೆಗೆಂದು ಗುಡ್ಡಸಾಲಿನ ಮೇಲೆ ಇಬ್ಬರೂ ಮೂರು ದಿನ ನಡೆಯುವುದು, ಸಂಜೆಗೆ ಕೆಳಗಿಳಿದು ಗುರುತಿನವರ ಮನೆಯಲ್ಲಿ ಮಲಗುವುದು, ಬೆಳಿಗ್ಗೆ ಮತ್ತೆ ಹತ್ತುವುದು ಎಂಬ ಯೋಜನೆ ಮಾಡಿದ್ದು ನಾನೇ. ಅರಣ್ಯ ಇಲಾಖೆಯವರ ಅನುಮತಿ ಬೇಕು, ದಾರಿ ಬಲ್ಲವರೊಬ್ಬರು ಜೊತೆಗೆ ಬೇಕು, ಅದೇನೂ ಕಷ್ಟವಲ್ಲ. ಕಷ್ಟವಿರುವುದು ದಿನ ಗೊತ್ತು ಮಾಡುವುದರಲ್ಲಿ. ಮಳೆಗಾಲದಲ್ಲಿ ಹೋಗುವ ಹಾಗಿಲ್ಲ. ಹಣ್ಣು ಕೊಯ್ಲು ಶುರುವಾದರೆ ತೋಟ ಬಿಡುವ ಹಾಗಿಲ್ಲ. ಮಧ್ಯೆ ಸಿಗುವ ಸಂದು ಸಣ್ಣದು. ಆ ಸಂದಿನಲ್ಲಿ ನಾನು ಪಂಚಾಂಗ ತೆಗೆಯುತ್ತಿದ್ದೆ. ಹಸ್ತ ಮಳೆ ಮುಗಿಯಲಿ ಎನ್ನುತ್ತಿದ್ದೆ. ಮುಗಿದರೆ ಚಿತ್ತೆ ಮಳೆಯನ್ನು ನಂಬುವ ಹಾಗಿಲ್ಲ ಎನ್ನುತ್ತಿದ್ದೆ. ಚಿತ್ತೆಯೂ ಮುಗಿದರೆ ಸ್ವಾತಿ ಇತ್ತು. ಆಕಾಶದಲ್ಲಿ ಇಷ್ಟೊಂದು ನಕ್ಷತ್ರಗಳನ್ನು ಯಾಕೆ ಇಟ್ಟಿದ್ದಾರೆ ಎಂಬುದು ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಸ್ವಾತಿ ಮುಗಿಯುವ ಹೊತ್ತಿಗೆ ಗಿಡದಲ್ಲಿ ಹಣ್ಣು ಕೆಂಪಗಾಗಿ ನನ್ನನ್ನು ಪಾರು ಮಾಡುತ್ತಿತ್ತು.

"ಎಂತ ಮಾರಾಯ, ಗುಡ್ಡ ಇನ್ನೂ ಅಲ್ಲೇ ಇದೆಯಾ?" ಎಂದು ಸುಬ್ಬೇಗೌಡರು ಪ್ರತಿ ವರ್ಷ ಕೊಯ್ಲಿನ ಶುರುವಿಗೆ ತಪ್ಪದೆ ಕೇಳುತ್ತಿದ್ದರು.

ಗುಡ್ಡ ಅಲ್ಲೇ ಇರುತ್ತಿತ್ತು. ತಯಾರಿಯ ಸಾಮಾನುಗಳು ಮಾತ್ರ ಇರುತ್ತಿರಲಿಲ್ಲ. ಮನೆಯೆಂಬುದು ಎಲ್ಲವನ್ನೂ ನುಂಗುತ್ತದೆ. ಬೆನ್ನಿಗೆ ಹಾಕುವ ದೊಡ್ಡ ಚೀಲ ತಂದೆ, ಅದು ಕಾಫಿ ಸ್ಯಾಂಪಲ್ ಹೊತ್ತು ಚಿಕ್ಕಮಗಳೂರಿಗೆ ಓಡಾಡತೊಡಗಿತು. ದುಬಾರಿ ಮಳೆಕೋಟು ತಂದೆ, ಅದು ಪಂಪ್‌ಸೆಟ್ಟಿನ ಮೋಟಾರಿಗೆ ಹೊದಿಕೆಯಾಯಿತು. ಹಣೆಗೆ ಕಟ್ಟುವ ದೀಪ ಕೊಟ್ಟಿಗೆ ಸೇರಿತು. ಒಳಗೆ ತೂರಿಕೊಂಡು ಮಲಗುವ ಚೀಲದಲ್ಲಿ ಬೆಕ್ಕು ಮರಿ ಹಾಕಿತು. ಮರಿಗಳು ಅಲ್ಲಿ ಬೆಚ್ಚಗೆ ಬೆಳೆದದ್ದನ್ನು ನೋಡಿ ಚೀಲದ ಗುಣಮಟ್ಟದ ಬಗ್ಗೆ ನನಗೆ ಸಮಾಧಾನವಾಯಿತು. ಪ್ರತಿ ವರ್ಷ ಹೊಸದಾಗಿ ಶುರು ಮಾಡಬೇಕಾಗಿ ಬರುತ್ತಿದ್ದುದರಿಂದ ತಯಾರಿ ಎಂದೂ ಮುಗಿಯುತ್ತಿರಲಿಲ್ಲ. ಮುಗಿಯದಿರುವುದು ನನಗೆ ಅನುಕೂಲವೇ ಆಗಿತ್ತೇನೋ.

ಪುರಾಣಗಳಲ್ಲಿ ಕಾಡಿಗೆ ಹೋಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ವರವೋ ಶಾಪವೋ ಪಗಡೆಯೋ ಏನೋ ಒಂದಾಗುತ್ತದೆ, ನಾರುಮಡಿ ಉಟ್ಟು ಅದೇ ದಿನ ಹೊರಟುಬಿಡುತ್ತಾರೆ. ಅಷ್ಟು ವರ್ಷ ಕಾಡಿನಲ್ಲಿದ್ದವರ ಕಾಲಿಗೆ ಒಂದು ಇಂಬಳವೂ ಹತ್ತಿದ ಪ್ರಸ್ತಾಪವಿಲ್ಲ. ನಮ್ಮ ಕಡೆ ಮಳೆ ಬಿಟ್ಟ ಮೇಲೂ ಕಾಡಿನ ತರಗೆಲೆಯ ಮೇಲೆ ಇಂಬಳಗಳು ರಕ್ತ ಹೀರಲು ತಲೆ ಎತ್ತಿ ನಿಂತಿರುತ್ತವೆ. ನೀವು ನಿಂತರೆ ಹತ್ತುತ್ತವೆ, ನಡೆದರೂ ಹತ್ತುತ್ತವೆ. ಹೊಗೆಸೊಪ್ಪನ್ನು ಎಣ್ಣೆಯಲ್ಲಿ ನೆನೆಸಿ ಕಾಲಿಗೆ ಹಚ್ಚಬೇಕೆಂದು ಸುಬ್ಬೇಗೌಡರು ಹೇಳುತ್ತಾರೆ. ಉಪ್ಪಿನ ಗಂಟು ಸಾಕೆಂದು ಸುಮಿತ್ರಾ ಹೇಳುತ್ತಾಳೆ. ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ನಾನು ಒಂದು ವರ್ಷವನ್ನೇ ತೆಗೆದುಕೊಂಡಿದ್ದೇನೆ. ಆ ವರ್ಷ ಹೋಗದಿರಲು ಇದ್ದ ಕಾರಣ ಅದೇ ಎಂದು ನನ್ನ ನೆನಪು. ಬೇರೆ ಇದ್ದಿರಲೂಬಹುದು.

ಈ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ, ಜಗಲಿಯಲ್ಲಿ ಕೂತು ಏಲಕ್ಕಿ ಆರಿಸುತ್ತಿದ್ದ ಸುಮಿತ್ರಾ ತಲೆ ಎತ್ತದೆ ಹೇಳಿದಳು: "ಈ ಸಲ ಹೋಗದಿದ್ರೆ ಇನ್ನು ನಾನು ಕೇಳಲ್ಲ ಮಾರಾಯ್ರೆ."

ಸಿಟ್ಟಿನಲ್ಲಿ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ನಮ್ಮ ಸಂಸಾರದಲ್ಲಿ ಸಿಟ್ಟಿಗೆ ಬೇಕಾದಷ್ಟು ಉತ್ತರಗಳಿವೆ. ಅವಳು ಹಾಲಿನವನಿಗೆ ನಾಳೆಯಿಂದ ಬೇಡ ಎಂದು ಹೇಳುವ ಹಾಗೆ ಹೇಳಿದಳು. ಅದರಲ್ಲಿ ಸುಸ್ತು ಇತ್ತು. ನನಗೂ ಸುಸ್ತೇ, ವಯಸ್ಸಿನದು, ಮಳೆಯದು, ಪ್ರತಿ ವರ್ಷ ಹೊರಡಲು ಸಿದ್ಧವಾಗುವುದರದು. ಆದರೆ ನನ್ನ ಸುಸ್ತು ಇನ್ನೂ ಮಾತಾಡುತ್ತಿತ್ತು, ಅವಳದ್ದು ಬಾಯಿ ಮುಚ್ಚಲು ಹೊರಟಿತ್ತು. ಇಷ್ಟು ವರ್ಷ ಒಂದೇ ಒಂದು ವಿಷಯ ಕೇಳುತ್ತಾ ಬಂದವಳು ಇನ್ನು ಕೇಳುವುದಿಲ್ಲ ಎಂದರೆ ಏನು? ನನಗೆ ಗುಡ್ಡಕ್ಕಿಂತ ಅದೇ ಹೆದರಿಕೆಯಾಯಿತು. ಆ ಸಂಜೆಯೇ ಅನುಮತಿಗೆ ಅರ್ಜಿ ಹಾಕಿದೆ, ದಾರಿ ತೋರಿಸುವ ರಮೇಶನಿಗೆ ಫೋನು ಮಾಡಿ ದಿನ ಗೊತ್ತು ಮಾಡಿದೆ.

ಇಬ್ಬರಿಗೂ ಒಮ್ಮೆಯೂ ಹಾಕದ, ಬೆಟ್ಟ ಹತ್ತುವ ಶೂ ಇತ್ತು. ಹೊಸ ಶೂ ಕಾಲಿಗೆ ಪಳಗದೆ ಬೆಟ್ಟ ಹತ್ತಬಾರದೆಂದು ನಾನು ಹಿಂದೆಲ್ಲ ಭಾಷಣ ಮಾಡಿದವನು. ಹಾಗಾಗಿ ದಿನಾ ಸಂಜೆ ಅದನ್ನು ಹಾಕಿಕೊಂಡು ತೋಟದಲ್ಲಿ ನಡೆದೆವು. ಕಾಫಿ ಗಿಡದ ನೀರೆಲ್ಲ ಶೂಗಳ ಒಳಕ್ಕೆ ಇಳಿಯಿತು. ಒದ್ದೆಯಾದದ್ದನ್ನು ಏನು ಮಾಡುವುದೆಂದು ಮಲೆನಾಡಿನಲ್ಲಿ ಯಾರೂ ಯೋಚಿಸುವುದಿಲ್ಲ. ಬಚ್ಚಲಮನೆಯಲ್ಲಿ ನೀರು ಕಾಯಿಸುವ ಹಂಡೆ, ಅದರ ಕೆಳಗೆ ಹಗಲೆಲ್ಲ ಉರಿಯುವ ಒಲೆ, ಒಲೆಯ ಮೇಲೆ ಬಿದಿರಿನ ತಟ್ಟಿ. ಒದ್ದೆ ಬಟ್ಟೆ, ನೆನೆದ ಪೇಪರು, ಮೆತ್ತಗಾದ ಹಪ್ಪಳ, ಬೆಂಕಿಪೊಟ್ಟಣ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಕೈ ತಾನಾಗಿಯೇ ಹೋಗುತ್ತದೆ. ನಾನು ಚಿಕ್ಕವನಿದ್ದಾಗ ನೆಂಟರೊಬ್ಬರ ಒದ್ದೆ ಟೋಪನ್ ಕೂಡ ಅಲ್ಲಿಟ್ಟು, ಅದು ಅಂಟು ಬಿಟ್ಟು ಅವರು ಬೋಳುತಲೆಯಲ್ಲೇ ಊರಿಗೆ ಹೋಗಿದ್ದರಂತೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಸುಮಿತ್ರಾ ಬಚ್ಚಲಿನಿಂದ ಕರೆದಳು. ತಟ್ಟಿಯ ಮೇಲೆ ಎರಡು ಜೊತೆ ಶೂಗಳು ಬಾಯಿ ತೆರೆದುಕೊಂಡಿದ್ದವು. ಅಂಟು ಕರಗಿ ಅಟ್ಟೆಗಳೆಲ್ಲ ಮುಂದಿನಿಂದ ಬಿಟ್ಟುಕೊಂಡು ಹಪ್ಪಳದ ಹಾಗೆ ಸುರುಟಿದ್ದವು. ಹೊಗೆ ಕುಡಿದು ಒಣಮೀನಿನ ವಾಸನೆ ಬೇರೆ.

"ಅಯ್ಯೋ" ಎಂದೆ.

ಅವಳು ಶೂ ನೋಡಲಿಲ್ಲ, ನನ್ನನ್ನು ನೋಡಿದಳು. "ಮುಖ ನೋಡ್ಕೊಳಿ ಒಂದ್ಸಲ. ಶಾಲೆಗೆ ರಜೆ ಕೊಟ್ಟಂಗಿದೆ."

ಬಚ್ಚಲಲ್ಲಿ ಕನ್ನಡಿಯಿತ್ತು, ನೋಡಲು ಧೈರ್ಯವಾಗಲಿಲ್ಲ. ಅವಳು ಹೇಳಿದ್ದು ನಿಜವೇ ಇರಬೇಕು. ಎದೆಯಲ್ಲಿ ಏನೋ ಸಡಿಲವಾದದ್ದು ನನಗೂ ತಿಳಿದಿತ್ತು. ಶೂಗಳನ್ನು ಅಲ್ಲಿಟ್ಟವರು ಯಾರು? ನೆನಪಿಸಿಕೊಂಡರೆ ತಟ್ಟಿಯ ಮೇಲೆ ಶೂ ಇಡುವ ಕೈ ಕಾಣುತ್ತದೆ. ಒಮ್ಮೆ ಅದಕ್ಕೆ ಬಳೆಯಿರುತ್ತದೆ, ಒಮ್ಮೆ ಗಡಿಯಾರವಿರುತ್ತದೆ. ಬೇಕೆಂದೇ ಇಟ್ಟೆನೇ? ಅಷ್ಟು ಜಾಣನಲ್ಲ ನಾನು. ಆದರೆ ಇಷ್ಟು ವರ್ಷ ಬೇಕೆಂದು ಮಾಡಿದ್ದೆಷ್ಟು, ತಾನಾಗಿ ಆದದ್ದೆಷ್ಟು ಎಂದು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಬೆಟ್ಟದಲ್ಲಿ ಅವಳು ಮುಂದೆ ಹೋಗಿ ನಾನು ಅರ್ಧದಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟರೆ ಎಂಬ ಭಯವೊಂದು ಒಳಗೆ ಇದ್ದೇ ಇತ್ತು. ಅದಕ್ಕೆ ನಾನು ಹಸ್ತ, ಚಿತ್ತೆ, ಇಂಬಳ ಎಂದೆಲ್ಲ ಹೆಸರಿಟ್ಟಿದ್ದೆ.

ಅಷ್ಟರಲ್ಲಿ ಸುಬ್ಬೇಗೌಡರ ಫೋನು ಬಂತು. ಸುದ್ದಿ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದರು. "ಶೂ ಬೇಯ್ಸಿದ್ರಾ? ಉಪ್ಪು ಖಾರ ಹಾಕಿದ್ರೆ ಇಂಬಳಕ್ಕಾದ್ರೂ ಆಗ್ತಿತ್ತಲ್ಲ ಮಾರಾಯ! ಮೂಡಿಗೆರೆಗೆ ಹೋಗಿ ಬೇರೆ ತಗೊ. ಬರೋ ವರ್ಷ ಹೋದ್ರಾಯ್ತು."

ಬರುವ ವರ್ಷ. ನಾನು ಫೋನಿಟ್ಟಾಗ ಸುಮಿತ್ರಾ ತನ್ನ ಫೋನಿನಲ್ಲಿ ರಮೇಶನ ನಂಬರು ಹುಡುಕುತ್ತಿದ್ದಳು.

"ಎಂತಕ್ಕೆ?" ಎಂದೆ.

"ಪಾಪ, ಅವನು ಕಾಯ್ತಾನಲ್ಲ. ಬರಲ್ಲ ಅಂತ ಹೇಳ್ಬೇಕು." ದನಿಯಲ್ಲಿ ಏನೂ ಇರಲಿಲ್ಲ.

"ತಡಿ ಮಾರಾಯ್ತಿ" ಎಂದೆ. ಅಷ್ಟು ಹೇಳಿದ ಮೇಲೆ ಮುಂದೇನು ಎಂದು ನನಗೇ ಗೊತ್ತಿರಲಿಲ್ಲ. ಕಾಲು ಉಗ್ರಾಣದ ಕಡೆ ಹೋಯಿತು. ಗೋಡೆಯಲ್ಲಿ ದಬ್ಬಳ ಸಿಕ್ಕಿಸಿತ್ತು, ಕಾಫಿ ಮೂಟೆಯ ಬಾಯಿ ಹೊಲಿಯುವ ದಪ್ಪ ಸೂಜಿ. ಪಕ್ಕದಲ್ಲಿ ನೈಲಾನ್ ದಾರದ ಉಂಡೆ. ನಾನು ಓದಿದ ವಿದ್ಯೆ ಯಾವುದೂ ತೋಟದಲ್ಲಿ ಉಪಯೋಗಕ್ಕೆ ಬಂದಿಲ್ಲ, ಆದರೆ ಮೂಟೆಯ ಬಾಯಿ ಮಾತ್ರ ಚೆನ್ನಾಗಿ ಹೊಲಿಯುತ್ತೇನೆ. ಹೊಲಿದ ಮೂಟೆ ಲಾರಿಯಲ್ಲಿ ಎಷ್ಟು ಕುಲುಕಿದರೂ ಒಂದು ಬೀಜ ಉದುರುವುದಿಲ್ಲ.

ದಬ್ಬಳದ ತುದಿಯನ್ನು ಅದೇ ಒಲೆಯ ಕೆಂಡದಲ್ಲಿ ಕಾಯಿಸಿ ಅಟ್ಟೆಗೆ ಚುಚ್ಚಿದೆ. ಬೆಣ್ಣೆಗಿಳಿದ ಹಾಗೇನೂ ಇಳಿಯಲಿಲ್ಲ. ಹೆಬ್ಬೆರಳು ಎರಡು ಕಡೆ ಸುಟ್ಟಿತು. ಮೊದಲು ಅವಳ ಶೂ ಹಿಡಿದೆ. ಅವಳು ಎದುರು ಮಣೆ ಹಾಕಿಕೊಂಡು ಕೂತು, ಸುರುಟಿದ ಅಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಗೋಣಿ ಹೊಲಿಗೆ ಇದು. ಮೂರು ದಿನ ತಡೀತದಾ?"

"ಮೂಟೆ ಮಂಗಳೂರಿನ ತನಕ ಹೋಗ್ತದೆ."

"ಮೂಟೆ ನಡ್ಕೊಂಡು ಹೋಗಲ್ಲ."

"ನೀನು ಗಟ್ಟಿ ಹಿಡ್ಕೊ."

"ಹಿಡ್ಕೊಂಡೇ ಇದ್ದೀನಿ" ಎಂದಳು. ಎಷ್ಟೋ ಹೊತ್ತಿನ ಮೇಲೆ ಅವಳು ನಕ್ಕಳು. ನನ್ನ ಶೂಗಳ ಸರದಿ ಬಂದಾಗ ದಾರ ಸಾಲದೆ ಹೊಲಿಗೆಗಳ ನಡುವೆ ಅಂತರ ಬಿಟ್ಟೆ. ಅದನ್ನು ಅವಳು ನೋಡಿದಳು.

ಬೆಳಿಗ್ಗೆ ಕಣಿವೆ ತುಂಬ ಮಂಜು. ಹೊಗೆಸೊಪ್ಪಿನ ಎಣ್ಣೆ, ಉಪ್ಪಿನ ಗಂಟು ಎರಡನ್ನೂ ಚೀಲಕ್ಕೆ ಹಾಕಿದ್ದೆವು. ಬೆಕ್ಕಿನ ಕೂದಲು ಹತ್ತಿದ ಮಲಗುವ ಚೀಲವನ್ನು ಬಿಟ್ಟೆವು. ಮೆಟ್ಟಿಲಿಳಿಯುವಾಗ ಸುಬ್ಬೇಗೌಡರು ಫೋನು ಮಾಡಿ, "ನಿಮ್ಮಲ್ಲೆಷ್ಟು?" ಎಂದರು.

"ನೋಡಿಲ್ಲ" ಎಂದೆ.

"ಹುಷಾರಿದ್ದೀಯಲ್ಲ ಮಾರಾಯ?" ಎಂದು ಅವರು ಕೇಳಿದರು.

ಹೋಗಿಬಂದು ಕೆಲವು ವಾರಗಳಾದವು. ಕೊಯ್ಲು ಶುರುವಾಗಿದೆ. ಮೇಲಿಂದ ಮನೆ ಕಂಡಿತೇ ಎಂದು ಸುಬ್ಬೇಗೌಡರು ಕೇಳಿದ್ದಕ್ಕೆ, ಎರಡನೆಯ ದಿನ ಮಂಜು ಒಮ್ಮೆ ಹರಿದಾಗ ಕಂಡಿತು ಎಂದಳು ಸುಮಿತ್ರಾ. ಹೆಂಚು, ಕಣ, ಕಣದಲ್ಲಿ ಹಾಸಿದ ನೀಲಿ ಟಾರ್ಪಾಲು ಸಮೇತ ಅಂಗೈಯಷ್ಟಗಲ ಕಂಡಿತಂತೆ. ಅಲ್ಲಿ ಜನ ಇರುತ್ತಾರೆಂದು ಹೇಳಿದರೂ ನಂಬುವ ಹಾಗಿರಲಿಲ್ಲವಂತೆ. ನನ್ನ ನೆನಪಿನಲ್ಲಿ ಮಂಜು ಮಾತ್ರ ಇದೆ. ಅವಳು ತಪ್ಪೆಂದು ನಾನು ಹೇಳುವುದಿಲ್ಲ. ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು, ಅವಳು "ಅಗೋ ಅಗೋ" ಎಂದು ಕೂಗಿದಾಗಲೂ ನಾನು ತಲೆ ತಗ್ಗಿಸಿ ಅವಳ ಶೂಗಳ ಅಟ್ಟೆಯನ್ನೇ ನೋಡುತ್ತಿದ್ದೆ.

ಹೊಲಿಗೆ ಬಿಟ್ಟಿರಲಿಲ್ಲ.