ಜೇಬಿನಲ್ಲಿ ಉಳಿದ ಹತ್ತಿ

ಅಂಗಿ ಒಗೆಯುವ ಮೊದಲು ಜೇಬು ತಡಕಿ ನೋಡಬೇಕು ಎಂಬುದನ್ನು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ. ಅದುವರೆಗೆ ಅದು ನನ್ನ ಹೆಂಡತಿ ನೀಲಮ್ಮನ ಕೆಲಸವಾಗಿತ್ತು. ಆಮೇಲೆ ನಾನೇ ಒಗೆಯತೊಡಗಿದೆ, ಮೊದಮೊದಲು ನಾನೇ ಮರೆಯುತ್ತಿದ್ದೆ. ಬಕೆಟ್ಟಿನಿಂದ ತೆಗೆದ ಪಂಚೆ, ಬನಿಯನ್, ಟವೆಲುಗಳ ಮೇಲೆಲ್ಲ ಬಿಳಿಯ ಎಳೆಗಳು ಅಂಟಿಕೊಂಡು, ಮನೆಯ ಬಟ್ಟೆಗಳಿಗೆಲ್ಲ ಒಂದೇ ದಿನ ಮುಪ್ಪು ಬಂದಂತೆ ಕಾಣುತ್ತಿತ್ತು.

ಇದಕ್ಕೆ ಕಾರಣ ನನ್ನ ಕಸುಬು. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಖರೀದಿದಾರರ ಪರವಾಗಿ ಮಾಲು ನೋಡುವವನು ನಾನು. ನಮ್ಮಲ್ಲೊಂದು ರಿವಾಜಿದೆ. ರಾಶಿಯಿಂದ ಒಂದು ಚಿಟಿಕೆ ಹತ್ತಿ ತೆಗೆದು, ಎರಡೂ ಕೈಯ ಬೆರಳುಗಳಲ್ಲಿ ಎಳೆದು ನೋಡಬೇಕು; ಅದು ಎಷ್ಟೇ ಚೆನ್ನಾಗಿದ್ದರೂ ರೈತನೆದುರು ಚೆನ್ನಾಗಿದೆ ಎನ್ನಬಾರದು. ಹೊಗಳಿದರೆ ದರ ಏರುತ್ತದೆ. ತೀರಾ ಮನಸ್ಸಿಗೆ ಬಂದಾಗ ತೆಲುಗಿನಲ್ಲಿ ‘ಪರವಾಲೇದು’ ಎಂದರೆ ಮುಗಿಯಿತು. ಅಡ್ಡಿಯಿಲ್ಲ ಎಂಬಷ್ಟೇ ಔದಾರ್ಯ. ಆದರೆ ಮೆಚ್ಚಿದ ರಾಶಿಯ ಚಿಟಿಕೆಯನ್ನು ಮಾತ್ರ ನೆಲಕ್ಕೆ ಬಿಸಾಡದೆ, ಸಂಜೆ ಸಾವುಕಾರರಿಗೆ ತೋರಿಸಲೆಂದು ಜೇಬಿಗೆ ಹಾಕಿಕೊಳ್ಳುತ್ತೇನೆ.

ಹೊಗಳದಿರುವ ಈ ಅಭ್ಯಾಸ ಚಪ್ಪಲಿಯ ಜೊತೆ ಹೊಸಿಲಾಚೆ ಉಳಿಯಲಿಲ್ಲ. ನೀಲಮ್ಮ ಮಾಡಿದ ಮಂಡಕ್ಕಿ ಉಗ್ಗಾಣಿಗೂ ಪರವಾಲೇದು, ಅವಳ ಹೊಸ ಸೀರೆಗೂ ಪರವಾಲೇದು. ಹೆಣ್ಣು ನೋಡಿ ಬಂದ ದಿನ ನಾನು ಅಕ್ಕನಿಗೆ ಹೇಳಿದ್ದೂ ಅದೇ ಮಾತೆಂದು ಅವಳು ನೆಂಟರೆದುರು ನಕ್ಕು ಹೇಳುತ್ತಿದ್ದಳು.

ನೀಲಮ್ಮ ಆರು, ಏಳು, ಎಂಟನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ಟೀಚರು. ಪರೀಕ್ಷೆಗೆ ಮುನ್ನ ವಿಶೇಷಣಗಳನ್ನು, ಅಂದರೆ ಮಕ್ಕಳ ಬಾಯಲ್ಲಿ ಅಡ್ಜೆಕ್ಟಿವ್‌ಗಳನ್ನು, ಮತ್ತೊಮ್ಮೆ ಮಾಡಿಸುವಾಗ ನನ್ನ ಕಸುಬನ್ನೇ ಪಾಠ ಮಾಡಿಕೊಂಡಿದ್ದಳು. ಭಾನುವಾರ ನಮ್ಮ ಪಡಸಾಲೆಯಲ್ಲಿ ಮಕ್ಕಳು ಎರಡು ಸಾಲಾಗಿ ಕೂರುವರು; ನಡುವೆ ಒಂದು ಮೊರ ಹತ್ತಿ. ಒಂದು ಸಾಲು ರೈತರು. ಸಾಫ್ಟ್, ವೈಟ್, ಕ್ಲೀನ್ ಎಂದು ಹೊಗಳಬೇಕು. ಎದುರು ಸಾಲು ಖರೀದಿದಾರರು. ಡರ್ಟಿ, ವೆಟ್, ಯೆಲ್ಲೊ ಎಂದು ಮೂಗು ಮುರಿಯಬೇಕು. ಹೇಳಿದ್ದನ್ನೇ ಮತ್ತೆ ಹೇಳಿದವರು ಸೋತಂತೆ. ನಾನು ಒಳಗೆ ಚಹಾ ಕುಡಿಯುತ್ತ, ನನ್ನ ಇಡೀ ಬದುಕನ್ನು ಯಾರೋ ಅಣಕಿಸುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ನಗುವೂ ಬರುತ್ತಿತ್ತು.

ಕಳೆದ ಮಳೆಗಾಲದಲ್ಲಿ ನೀಲಮ್ಮ ತೀರಿಕೊಂಡಳು. ಜ್ವರವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಮಾತನಾಡಿಸಲು ಬಂದವರೆಲ್ಲ ಅವಳನ್ನು ಬಾಯಿತುಂಬ ಹೊಗಳಿದರು. ನಾನೊಬ್ಬನೇ ಬರಿದೆ ತಲೆಯಾಡಿಸುತ್ತ ಕುಳಿತಿದ್ದೆ. ಮೊರ ಅಟ್ಟ ಸೇರಿತು, ಪಡಸಾಲೆಯ ಬಾಗಿಲು ಮುಚ್ಚಿಯೇ ಇತ್ತು.

ಚಳಿ ಕಳೆಯುತ್ತಿದ್ದಾಗ ಆ ಬಾಗಿಲನ್ನು ಹಂಪಮ್ಮ ತಟ್ಟಿದಳು. ನೀಲಮ್ಮನ ಶಾಲೆಯ ಹುಡುಗಿ; ಊರು ಕೋಸಗಿ, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ತಂದೆತಾಯಿ ದುಡಿಯಲು ಊರು ಬಿಟ್ಟು ಹೋಗುವವರು. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾದರೆ ಓದು, ಇಲ್ಲವಾದರೆ ಅವರ ಜೊತೆ ಅವಳೂ ಗಂಟು ಕಟ್ಟಬೇಕು. ಅವಳ ಹಿಂದೆ ಇನ್ನೂ ಕೆಲವು ಮಕ್ಕಳು ನಿಂತಿದ್ದರು.

“ತಾತ, ಎಲ್ಲಾ ಪಾಠ ಆಗ್ಯಾವ್ರಿ. ಅಡ್ಜೆಕ್ಟಿವ್ ಒಂದು ಉಳದೈತಿ. ಟೀಚರ್ ಆಡಸ್ತೀನಿ ಅಂದಿದ್ರು.”

“ನನಗೆಲ್ಲಿ ಬರ್ತೈತವ್ವ ಇಂಗ್ಲಿಷು?”

“ನೀವು ಖರೀದಿದಾರ ಆಗ್ರಿ, ಸಾಕು. ಬಯ್ಯೋದು ನಿಮಗ ಬರ್ತೈತಲ್ಲ.”

ಇಷ್ಟು ಹೇಳಿಸಿಕೊಂಡ ಮೇಲೆ ಮೊರ ಇಳಿಸದೆ ವಿಧಿಯಿರಲಿಲ್ಲ. ನಾನು ಕನ್ನಡದಲ್ಲಿ ಹತ್ತಿಯನ್ನು ಬಯ್ದೆ, ತೆಲುಗಿನಲ್ಲಿ ಬಯ್ದೆ. ಅವರು ನನ್ನ ಬೈಗುಳಗಳನ್ನೆಲ್ಲ ಇಂಗ್ಲಿಷಿಗೆ ದಾಟಿಸಿದರು, ತಮ್ಮ ಹೊಗಳಿಕೆಗಳನ್ನು ಎದುರಿಗಿಟ್ಟು ಜಗಳವಾಡಿದರು. ನೀಲಮ್ಮನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ಕೊನೆಯ ಆಟ ಟೀಚರ್ ಮೇಲೆ ಎಂದಳು ಹಂಪಮ್ಮ. ಕೈಂಡ್ ಎಂದಿತು ಒಂದು ಮಗು, ಟಾಲ್ ಎಂದಿತು ಇನ್ನೊಂದು. ಆಂಗ್ರಿ ಎಂದದ್ದಕ್ಕೆ ಎಲ್ಲರೂ ನಕ್ಕರು. ಆಮೇಲೆ ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು.

“ಪರವಾಲೇದು.”

ಚಿಕ್ಕ ಮಗುವೊಂದರ ಮುಖ ಸಪ್ಪಗಾಯಿತು. ಹಂಪಮ್ಮ ಮಾತ್ರ ನನ್ನ ಎದೆಯ ಕಡೆ ಬೆರಳು ಮಾಡಿದಳು.

“ತಾತನ ಬಾಯಿಮಾತು ಬಿಡ್ರಲೇ, ಜೇಬು ನೋಡ್ರಿ. ಮೆಚ್ಚಿದ್ದು ಅಲ್ಲಿರ್ತೈತಿ ಅಂತ ಟೀಚರ್ ಯಾವಾಗ್ಲೂ ಹೇಳ್ತಿದ್ರು.”

ಮೊರದಿಂದ ಯಾವಾಗ ಎತ್ತಿಕೊಂಡಿದ್ದೆನೋ, ಒಂದು ಚಿಟಿಕೆ ಹತ್ತಿ ಜೇಬಿನಲ್ಲಿ ಬೆಚ್ಚಗೆ ಕೂತಿತ್ತು. ದಿನವೂ ಸಂಜೆ ಒಗೆಯುವ ಮುನ್ನ ಅವಳು ಆ ಜೇಬಿಗೆ ಕೈ ಹಾಕುತ್ತಿದ್ದದ್ದು ನೆನಪಾಯಿತು. ನಾನು ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ.

ಹಂಪಮ್ಮನಿಗೆ ಸೀಟು ಸಿಕ್ಕಿತು. ಹೇಳಲು ಬಂದಿದ್ದಳು. ಪರವಾಲೇದು ಎಂದೆ, ಅವಳು ನನ್ನ ಜೇಬಿನ ಕಡೆ ನೋಡಿ ನಗುತ್ತ ಹೋದಳು.

ಈಗ ನಾನು ಒಗೆಯುವ ಮೊದಲು ತಪ್ಪದೆ ಜೇಬು ತಡಕುತ್ತೇನೆ. ಮಾರುಕಟ್ಟೆಯ ಹತ್ತಿಯಾದರೆ ಬಿಸಾಡುತ್ತೇನೆ. ಮಕ್ಕಳೊಡನೆ ಆಡಿದ ಆ ದಿನದ ಚಿಟಿಕೆಯನ್ನು ಮಾತ್ರ ತೆಗೆದು ನಾಳೆಯ ಅಂಗಿಗೆ ಹಾಕಿಕೊಳ್ಳುತ್ತೇನೆ.