ಖಾಲಿ ಬಟ್ಟಲಿನ ವಾಸನೆ

ನಮ್ಮಕ್ಕನದು ಇಸ್ತ್ರಿ ಅಂಗಡಿ. ಕೈ ಅವಳದು, ಆದರೆ ನಿಜವಾಗಿ ಕೆಲಸ ಮಾಡುತ್ತಿದ್ದುದು ಮೂಗು. ಬಟ್ಟೆ ಇನ್ನೇನು ಸೀಯಬೇಕು ಅನ್ನುವಷ್ಟರಲ್ಲಿ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಕಣ್ಣು ಬೀದಿಯ ಮೇಲೆ, ಬಾಯಿ ನನ್ನನ್ನು ಬೈಯುವುದರಲ್ಲಿ, ಆದರೂ ಸರಿಯಾದ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಮೇಲೆದ್ದಿರುತ್ತಿತ್ತು. ಮಡಚಿದ ಬಟ್ಟೆಯನ್ನು ಮನೆಮನೆಗೆ ಮುಟ್ಟಿಸುವುದು ತಮ್ಮನಾದ ನನ್ನ ಪಾಲು. ಅಷ್ಟಕ್ಕೇ ನಾನು ಸುಸ್ತು ಅನ್ನುತ್ತಿದ್ದೆ.

ಆ ಚಳಿಗಾಲದಲ್ಲಿ ಬಂದ ಜ್ವರ, ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ನಾನೇ ಸಾಕಿತ್ತು. ಸ್ವಲ್ಪ ದಿನಕ್ಕೇ ಅದೇ ಡಾಕ್ಟರ ಬಿಳಿ ಕೋಟಿನ ಬೆನ್ನ ಮೇಲೆ ಇಸ್ತ್ರಿಯ ಕಂದು ಗುರುತು ಬಿತ್ತು. ಆಮೇಲೆ ಅಕ್ಕ ರೇಷ್ಮೆಯನ್ನು ಮುಟ್ಟಲಿಲ್ಲ. ಮೂಗು ಬರದಿದ್ದರೆ ಅಂಗಡಿಗೆ ಬೀಗ ಹಾಕೋಣ ಅಂದಳು.

ಎದುರು ಸಾಲಿನಲ್ಲಿ ಚೀನೀ ಚಹಾದ ಪುಟ್ಟ ಕೋಣೆಯಿದೆ. ನಡೆಸುವಾಕೆಯನ್ನು ಎಲ್ಲರೂ ಚಹಾದಜ್ಜಿ ಅನ್ನುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ, ಎರಡು ಗುಟುಕಿಗೆ ಮುಗಿಯುವ ಬಟ್ಟಲು. ಬಿಸಿನೀರಿಗೆ ಇಷ್ಟೊಂದು ಮರ್ಯಾದೆ ಯಾಕೋ ಅಂತ ನನಗೆ ಅನ್ನಿಸುತ್ತಿತ್ತು. ಅಕ್ಕನ ವಿಷಯ ತಿಳಿದು ಅಜ್ಜಿಯೇ ಕರೆದಳು: "ಬಾರೇ ಮಗಳೇ, ನಮ್ಮಲ್ಲಿ ಮೊದಲು ಕುಡಿಯೋದು ಮೂಗು."

ಅಲ್ಲಿಯ ಪದ್ಧತಿಯೇ ಹಾಗೆ. ಚಹಾವನ್ನು ಉದ್ದನೆಯ ಸಣ್ಣ ಬಟ್ಟಲಿಗೆ ಸುರಿದು, ಅದರ ಮೇಲೆ ಅಗಲದ ಬಟ್ಟಲನ್ನು ಕವುಚಿ, ಎರಡನ್ನೂ ಒಟ್ಟಿಗೆ ತಿರುವಿ, ಉದ್ದನೆಯದನ್ನು ಮೆಲ್ಲಗೆ ಎತ್ತಬೇಕು. ಚಹಾ ಕೆಳಗೆ ಉಳಿಯುತ್ತದೆ. ಖಾಲಿಯಾದ ಬಟ್ಟಲನ್ನು ಮೂಸಬೇಕು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಹೋಗಿ ಕೂರುತ್ತಿದ್ದೆವು. ಬಿಸಿಲು ಕಾಗದದ ಪರದೆಯಲ್ಲಿ ಸೋಸಿ ಬರುತ್ತಿತ್ತು. ಕೆಟಲ್ ನಿದ್ದೆಯಲ್ಲಿ ಮಾತಾಡುವವರ ಹಾಗೆ ಗುಣುಗುಣು ಅನ್ನುತ್ತಿತ್ತು. ಹಬೆ ಮೇಲೆದ್ದು, ಹೋಗಲೋ ಬೇಡವೋ ಎಂದು ಅಲ್ಲೇ ತೇಲುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಬಟ್ಟಲನ್ನು ಮೂಗಿಗೆ ಹಿಡಿದಾಗ ಅಜ್ಜಿಯೂ ನಾನೂ ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತಿದ್ದೆವು. ದಿನವೂ ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಒಂದು ದಿನ, "ಬಂತು," ಅಂದಳು. "ಜೇನಿನ ಹಾಗೆ."

ಅಜ್ಜಿ ಅವಳ ಕೆನ್ನೆ ಹಿಂಡಿದಳು. ಮರುದಿನ ಅಕ್ಕ ಒಣಹುಲ್ಲು ಅಂದಳು, ಅದರ ಮರುದಿನ ಮಾಗಿದ ಹಣ್ಣು. ನಾನು ಬೀದಿಗೆಲ್ಲ ಡಂಗುರ ಸಾರಿದೆ. ನಾಟಕ ಮಂದಿರದ ಹಾಡುಗಾರ್ತಿಯ ರೇಷ್ಮೆ ನಿಲುವಂಗಿಯನ್ನೂ ಒಪ್ಪಿಕೊಂಡು ತಂದೆ. ಅದನ್ನು ಕಂಡು ಅಕ್ಕನ ಮುಖ ಬಿಳಿಚಿಕೊಂಡಿತು. ಖುಷಿಗೆ ಇರಬೇಕು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಆ ಮಧ್ಯಾಹ್ನ ಅಜ್ಜಿ ಎಂದಿನಂತೆ ಬಟ್ಟಲುಗಳನ್ನು ಬೆಚ್ಚಗೆ ಮಾಡಲು ಬರೀ ಬಿಸಿನೀರು ಸುರಿದು ಚೆಲ್ಲಿದಳು. ಮನಸ್ಸನ್ನು ಎಲ್ಲೋ ಬಿಟ್ಟು ಕೂತಿದ್ದ ಅಕ್ಕ ಬಿಸಿಯಾದ ಬಟ್ಟಲನ್ನು ಎತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದಳು.

"ಇವತ್ತು ಹೂವು," ಅಂದಳು. "ಕಿತ್ತಳೆ ಹೂವು."

ಅಜ್ಜಿಯ ಕೈ ಚಹಾದೆಲೆಯ ಡಬ್ಬಿಯ ಮೇಲೇ ನಿಂತಿತು. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅಕ್ಕ ಕಣ್ಣು ಬಿಟ್ಟು ಅದನ್ನು ನೋಡಿದಳು, ಆಮೇಲೆ ನನ್ನನ್ನು.

"ನೀವಿಬ್ರೂ ಅಷ್ಟು ಆಸೆಯಿಂದ ನೋಡ್ತಿದ್ರಿ ಕಣೋ. ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಜ್ಜಿ ಎಲೆ ಹಾಕಿ ಚಹಾ ಮಾಡಿದಳು. ಅಗಲದ ಬಟ್ಟಲನ್ನು ಅಕ್ಕನ ಮುಂದಿಟ್ಟು, ಉದ್ದನೆಯದನ್ನು ನನ್ನ ಕಡೆ ತಳ್ಳಿದಳು.

"ಅವಳು ಕುಡೀಲಿ. ಮೂಸೋ ಕೆಲಸ ಇನ್ಮೇಲೆ ನಿಂದು."

ಮರುದಿನ ಬೆಳಿಗ್ಗೆ ರೇಷ್ಮೆಯನ್ನು ಮೇಜಿನ ಮೇಲೆ ಹಾಸಿದೆವು. ನಾನು ಮೂಗನ್ನು ಬಟ್ಟೆಯ ಹತ್ತಿರಕ್ಕೆ ಒಡ್ಡಿ ಬಗ್ಗಿ ನಿಂತೆ.

"ವಾಪಸ್ ಕೊಟ್ಬಿಡೋಣ ಕಣೋ. ನಿನ್ನ ಮೂಗಿಗೆ ನೆಗಡಿ ಬಿಟ್ರೆ ಬೇರೆ ಏನು ಗೊತ್ತು?"

"ಸುಮ್ನೆ ಇಸ್ತ್ರಿ ಹಾಕಕ್ಕಾ."

ಪೆಟ್ಟಿಗೆ ನಿಲುವಂಗಿಯ ತೋಳಿನ ಮೇಲೆ ಇಳಿಯಿತು. ಬೆಚ್ಚನೆಯ ರೇಷ್ಮೆಯ ವಾಸನೆ ಬಂತು, ಹಿಂದೆಯೇ ಕೂದಲು ಸೀಯುವಂಥ ಒಂದೆಳೆ.

"ಎತ್ತಕ್ಕಾ!"

ಎತ್ತಿದಳು. ರೇಷ್ಮೆ ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿತ್ತು. ಅಕ್ಕ ಅದನ್ನು ಬೆರಳಿನಿಂದ ಸವರಿದಳು, ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಹೇಗಿತ್ತೋ ವಾಸನೆ?" ಅಂದಳು. "ನಿಧಾನವಾಗಿ, ಎಲ್ಲಾ ಹೇಳು."