ಪೈನೀರು ಹೊತ್ತವನ ಮೊಮ್ಮಗಳು

ಊರಲ್ಲಿ ನಮ್ಮದು ನೀರೋರ ಮನೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಿಂದ ನಮ್ಮೂರಿನ ಗೇಟಿನಲ್ಲಿ ಇಳಿದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ನಾನು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಟೀಚರ್ ಇರಬಹುದು, ಊರೊಳಕ್ಕೆ ಕಾಲಿಟ್ಟರೆ ನೀರೋನ ಮೊಮ್ಮಗಳೇ. ಅಮ್ಮ ಎಪ್ಪತ್ತು ದಾಟಿದ್ದಾಳೆ, ಅವಳು ಇವತ್ತಿಗೂ ನೀರೋನ ಮಗಳು. ಅಪ್ಪ ಮನೆಯಳಿಯನಾಗಿ ಬಂದವರು, ಅವರಿಗೂ ಆ ಹೆಸರು ತಪ್ಪಲಿಲ್ಲ.

ಹೆಸರು ಬಂದದ್ದು ತಾತನಿಂದ, ಅಂದರೆ ಅಮ್ಮನ ಅಪ್ಪನಿಂದ. ಎರಡನೇ ಮಹಾಯುದ್ಧಕ್ಕೆ ಹೋಗಿದ್ದವನು ಬರ್ಮಾ ಗಡಿಯಿಂದ ಎಡಗಾಲು ಎಳೆದುಕೊಂಡು ವಾಪಸ್ ಬಂದ. ದಂಡಲ್ಲಿ ಏನ್ ಮಾಡ್ತಿದ್ಯೋ ಅಂತ ಅರಳೀಕಟ್ಟೆಯಲ್ಲಿ ಕೂತವರು ಕೇಳಿದ್ದಕ್ಕೆ, ದೂರ ನಿಂತುಕೊಂಡು, “ನಾನು ಪೈನೀರು ಸ್ವಾಮಿ” ಅಂದನಂತೆ. ನಮ್ಮ ಕಡೆ ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಪೈ ಅಂದರೆ ತೆಲುಗಿನಲ್ಲಿ ಮೇಲೆ. ನೀರು ಎರಡರಲ್ಲೂ ನೀರೇ. ಆಯಿತಲ್ಲ, ಊರು ಅಲ್ಲೇ ಕೂತು ಕತೆ ಕಟ್ಟಿತು. ದಂಡು ಬೆಟ್ಟದ ಮೇಲಿತ್ತಂತೆ, ಇವನು ಕೆಳಗಿಂದ ಮೇಲಕ್ಕೆ ನೀರು ಹೊರುತ್ತಿದ್ದನಂತೆ, ಕೊಡದ ಸಮೇತ ಜಾರಿ ಬಿದ್ದು ಕಾಲು ಮುರಿದುಕೊಂಡನಂತೆ! ತಾತನಿಗೆ ಮಾತು ಕಮ್ಮಿ. ಮೊದಮೊದಲು ಅಲ್ಲ ಅಲ್ಲ ಅಂದು ನೋಡಿದ, ಆಮೇಲೆ ಸುಮ್ಮನಾದ.

ನನಗೆ ಮೈ ಉರಿಯುವುದು ಎಲ್ಲಿ ಗೊತ್ತಾ? ಊರಿನ ಸೇದೋ ಬಾವಿಗೆ ನಮ್ಮ ಕೇರಿಯವರು ಹಗ್ಗ ಇಳಿಸುವ ಹಾಗಿರಲಿಲ್ಲ. ಬಾವಿಕಟ್ಟೆಯಿಂದ ಆಚೆ ನಿಂತು ಕಾಯಬೇಕು, ಪುಣ್ಯಾತ್ಮರು ಯಾರಾದರೂ ಮೇಲಿಂದ ಹುಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ಕೇರಿಯವನ ಕೈಯಿಂದ ಇಡೀ ದಂಡು ನೀರು ಕುಡಿಯಿತು ಅಂತ ಅದೇ ಊರು ನಂಬಿತಲ್ಲ! ಒಬ್ಬರಿಗಾದರೂ ಅನುಮಾನ ಬರಬೇಡವೆ? ನಮ್ಮನ್ನು ಆಡಿಕೊಳ್ಳಲು ಸಿಕ್ಕಿದರೆ ಸಾಕು, ತಲೆ ಓಡಿಸುವ ಕೆಲಸ ಯಾರಿಗೆ ಬೇಕು.

ಇಷ್ಟೂ ಹಳೇ ಮಾತಾಗಿ ಉಳಿಯುತ್ತಿತ್ತೋ ಏನೋ. ಈಚೆಗೆ ಪಂಚಾಯ್ತಿ ಆಫೀಸಿನ ಮುಂದೆ, ಯುದ್ಧಕ್ಕೆ ಹೋಗಿದ್ದ ಊರಿನವರ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸುವುದು ಅಂತ ತೀರ್ಮಾನವಾಯಿತು. ಅಮ್ಮನಿಗೆ ಅದೊಂದು ಆಸೆ ಹಿಡಿಯಿತು. “ನಾನು ಕಣ್ಣು ಮುಚ್ಚೋದ್ರೊಳ್ಗೆ ನಮ್ಮಪ್ಪನ ಹೆಸ್ರು ಆ ಕಲ್ಲಲ್ಲಿ ಬರ್ಬೇಕು ಕಣೇ” ಅಂದಳು. ತನಗೆ ಅಂತ ಅವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕಲ್ಲಿನ ಉಸ್ತುವಾರಿ ಹೊತ್ತಿದ್ದ ಊರಿನ ಯಜಮಾನರ ಮನೆಗೆ ಹೋದೆ. ಕಾಫಿ ಕೊಟ್ಟರು, ಕೂರಿಸಿ ಮಾತಾಡಿಸಿದರು, ಈಗ ಕಾಲ ಬದಲಾಗಿದೆಯಲ್ಲ.

“ನೀರು ಹೊತ್ತೋರ್ದೆಲ್ಲ ಕೆತ್ತಕ್ಕಾಗುತ್ತೇನಮ್ಮ ಟೀಚರಮ್ಮ?” ಅಂದರು ನಗುತ್ತಲೇ. “ದಂಡಲ್ಲಿದ್ದ ಅನ್ನೋದಕ್ಕೆ ದಾಖಲೆ ಇದ್ರೆ ತಗೊಂಬಾ, ನೋಡಣ.”

ತರ್ತೀನಿ ಅಂದೆ. ಹಟಕ್ಕೆ ಬಿದ್ದರೆ ನಾನು ಒಳ್ಳೆಯವಳಲ್ಲ.

ಚಿಕ್ಕಬಳ್ಳಾಪುರದಲ್ಲಿ ಮಾಜಿ ಸೈನಿಕರ ಕೆಲಸ ನೋಡುವ ಕಚೇರಿಗೆ ಹೋದೆ. “ಸರ್ವಿಸ್ ನಂಬರ್ ಇದೆಯಾ ಮೇಡಂ?” ಅಂದರು. “ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸಾರ್?” ಅಂದೆ. ಅವರು ನಕ್ಕು, ಬೆಂಗಳೂರಿನಲ್ಲಿ ಹಳೇ ಸಂಸ್ಥಾನದ ಕಡತಗಳಿವೆ, ಅಲ್ಲಿ ನೋಡಿ ಅಂದರು. ತಾತನ ಕಾಲಕ್ಕೆ ನಮಗೆ ಸ್ವಂತ ಜಿಲ್ಲೆ ಎಲ್ಲಿತ್ತು, ಎಲ್ಲ ಕೋಲಾರದ ಕಟ್ಟಿನಲ್ಲಿ ಸೇರಿಕೊಂಡಿದೆ. ಬೇಸಿಗೆ ರಜೆ, ದಸರಾ ರಜೆ ಅಂತ ನೋಡದೆ ಮೊದಲ ರೈಲು ಹತ್ತಿ ಹೋಗಿ ಕೂತೆ. ಏನು ಹುಡುಕಿದೆ? ನೀರು ಹೊರುವವರ ಪಟ್ಟಿ! ಅಡುಗೆಯವರು, ಅಗಸರು, ಕ್ಷೌರಿಕರು, ನೀರಿನವರು, ದಂಡಿನ ಹಿಂದೆ ಹೋದವರನ್ನೆಲ್ಲ ಜಾಲಾಡಿದೆ. ಊರು ಕಟ್ಟಿದ ಕತೆಯನ್ನು ಮೊಮ್ಮಗಳೂ ನಂಬಿದ್ದಳು, ನೋಡಿ. ಅಲ್ಲಿ ತಾತ ಇರಲಿಲ್ಲ.

ಸಿಕ್ಕಿದ್ದು ಬೇರೆ ಕಡತದಲ್ಲಿ. ಯುದ್ಧ ಮುಗಿಸಿ ಬಂದವರು ಜಮೀನು ಕೇಳಿಕೊಂಡಿದ್ದ ಅರ್ಜಿಗಳ ಕಟ್ಟು ಅದು. ನಮ್ಮೂರಿನ ಶಾನುಭೋಗರು ಕನ್ನಡದಲ್ಲಿ ಬರೆದು ಮೇಲಕ್ಕೆ ಕಳಿಸಿದ್ದರು. ತಾತನ ಹೆಸರು, ಅವನಪ್ಪನ ಹೆಸರು, ಊರು, ಒಂದು ನಂಬರು. ಎಡ ತೊಡೆಗೆ ಬಾಂಬಿನ ಚೂರು ಹೊಕ್ಕ ಗಾಯ. ಅದರ ಮುಂದೆ, ಪಯನೀರು ಕಂಪನಿ.

ಒಮ್ಮೆ ಓದಿದೆ. ಬಾಯಿಬಿಟ್ಟು ಇನ್ನೊಮ್ಮೆ ಓದಿದೆ. ಪಯನೀರು. ಪಯೊನೀರು. ಅಯ್ಯೋ, ಪಯೊನಿಯರ್! ಪಕ್ಕದಲ್ಲಿ ಕೂತು ಓದುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು. ದಂಡಿನ ಮುಂದೆ ಹೋಗಿ ಕಾಡು ಕಡಿದು ರಸ್ತೆ ಮಾಡುವವರು, ಸೇತುವೆ ಕಟ್ಟುವವರು, ವಿಮಾನ ಇಳಿಯಲು ನೆಲ ಮಟ್ಟ ಮಾಡುವವರು, ಅವರಿಗೆ ಪಯೊನಿಯರ್ ಅನ್ನುತ್ತಾರೆ. ತಾತ ತನ್ನ ಕಂಪನಿಯ ಹೆಸರನ್ನು ನೆಟ್ಟಗೇ ಹೇಳಿದ್ದ. ಕೇಳಿಸಿಕೊಂಡವರ ಕಿವಿ ಸರಿಯಿರಲಿಲ್ಲ. ಅರ್ಜಿಯ ಕೆಳಗೆ, ಜಮೀನು ಖಾಲಿ ಇಲ್ಲ ಅಂತ ಒಂದು ಷರಾ ಇತ್ತು. ಅದನ್ನು ಓದಿ ನಗು ನಿಂತುಹೋಯಿತು.

ಆ ನಂಬರು ಇಟ್ಟುಕೊಂಡು ಸೇನೆಯ ದಾಖಲೆ ಕಚೇರಿಗೆ ಬರೆದೆ. ತಿಂಗಳುಗಟ್ಟಲೆ ಕಾಯಿಸಿ ಉತ್ತರ ಕಳಿಸಿದರು. ಹೌದು, ಈ ವ್ಯಕ್ತಿ ಸೈನ್ಯದಲ್ಲಿದ್ದ, ಗಡಿಯಲ್ಲಿ ಗಾಯಗೊಂಡ ಅಂತ ಬರೆದು ಮೊಹರು ಒತ್ತಿದ್ದರು. ಅಮ್ಮನಿಗೆ ಓದಿ ಹೇಳಿದೆ. “ಹಂಗಾದ್ರೆ ಕೊಡ ಹೊತ್ಕೊಂಡು ಜಾರಿ ಬಿದ್ದಿದ್ದಲ್ಲ” ಅಂದಳು. ಅಷ್ಟೇ ಅಂದು ಒಳಗೆ ಹೋಗಿ ಒಲೆ ಮುಂದೆ ಕೂತಳು.

ಕಲ್ಲಿನ ಪಟ್ಟಿ ಅಂತಿಮ ಮಾಡುವ ದಿನ ಅಮ್ಮನನ್ನೂ ಕರೆದುಕೊಂಡು ಪಂಚಾಯ್ತಿ ಆಫೀಸಿಗೆ ಹೋದೆ. ಊರಿನ ಮುಖ್ಯಸ್ಥರೆಲ್ಲ ಇದ್ದರು. ಯಜಮಾನರು ಕನ್ನಡಕ ಹಾಕಿಕೊಂಡು ಪತ್ರ ನೋಡಿದರು, ಮಗುಚಿ ಹಿಂಭಾಗವನ್ನೂ ನೋಡಿದರು.

“ಅಂದ್ರೆ, ಗುದ್ಲಿ ಹಿಡ್ದೋನು. ಬಂದೂಕ ಅಲ್ಲ” ಅಂದರು.

“ದಾಖಲೆ ಕೇಳಿದ್ರಿ, ತಂದಿದ್ದೀನಿ. ಬಂದೂಕ ಕೇಳಿರ್ಲಿಲ್ಲ” ಅಂದೆ.

“ಸಿಟ್ಟಾಗ್ಬೇಡಮ್ಮ. ಯಾರೂ ಇಲ್ಲ ಅನ್ನಲ್ಲ. ಕೆಳ್ಗಡೆ ಒಂದು ಗೆರೆ ಎಳ್ದು, ಸಹಾಯಕರು ಅಂತ ಬೇರೆ ಸಾಲಲ್ಲಿ ಹಾಕ್ಸಣ. ಸಮಾಧಾನ ತಾನೆ?”

ಬೇರೆ ಸಾಲು! ಬೇರೆ ಲೋಟ, ಬೇರೆ ಪಂಕ್ತಿ, ಎಲ್ಲ ಮುಗೀತು ಅಂದುಕೊಂಡರೆ ಈಗ ಕಲ್ಲಿನ ಮೇಲೂ ಬೇರೆ ಸಾಲು. ನಾನು ಎದ್ದು ನಿಂತು ಶುರುಮಾಡಿದೆ, ತರಗತಿಯಲ್ಲಿ ಮಾತಾಡುವ ಹಾಗೆ ಪಯೊನಿಯರ್ ಅಂದರೆ ಏನು, ಸೈನ್ಯ ಅಂದರೆ ಏನು ಅಂತ. ಸಿಟ್ಟಿಗೆ ನಾಲಿಗೆ ತೊದಲುತ್ತಿತ್ತು. ಅಮ್ಮ ನನ್ನ ಸೆರಗು ಹಿಡಿದು ಎಳೆದಳು. ಹೋಗ್ಲಿ ಬಿಡೇ, ಹಾಕ್ತಾರಲ್ಲ ಅನ್ನುತ್ತಾಳೆ ಅಂದುಕೊಂಡೆ. ಜೀವಮಾನವಿಡೀ ಅದನ್ನೇ ಅಂದವಳು. ಅವಳು ನನ್ನನ್ನು ಕೂರಿಸಿ ತಾನು ಎದ್ದಳು.

“ಯಜಮಾನ್ರೇ,” ಅಂದಳು, “ಬಾಂಬು ಬಿದ್ದಾಗ ಬೇರೆ ಸಾಲು ಇತ್ತಾ?”

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

“ಇತ್ತೇನು, ಹೇಳಿ. ನಮ್ಮಪ್ಪ ರಸ್ತೆ ಮಾಡ್ದೆ ಇದ್ದಿದ್ರೆ ನಿಮ್ಮ ಬಂದೂಕಿನೋರು ಯಾವ್ದ್ರ ಮೇಲೆ ಹೋಗ್ತಿದ್ರು? ಹಾಕೋದಾದ್ರೆ ಎಲ್ರ ಜೊತೇಲಿ ಹಾಕಿ. ಇಲ್ಲ ಅಂದ್ರೆ ಇಲ್ಲ ಅಂತ ನನ್ನ ಮುಖ ನೋಡಿ ಹೇಳಿ.”

ಯಜಮಾನರು ಅವಳ ಮುಖ ನೋಡಲಿಲ್ಲ. ಪತ್ರವನ್ನು ಮಡಿಸಿದರು, ಬಿಚ್ಚಿದರು, ಕೊನೆಗೆ ಪಂಚಾಯ್ತಿ ಸೆಕ್ರೆಟರಿಯ ಕಡೆ ತಿರುಗಿ, “ಬರ್ಕೊಳ್ಳಪ್ಪ, ಒಟ್ಟಿಗೇ ಬರ್ಕೊ” ಅಂದರು. ಸೆಕ್ರೆಟರಿ ಬರೆದುಕೊಂಡ. ಕೂತ್ಕೊಳ್ಳಿ ಅಜ್ಜಿ ಅಂತ ಯಾರೋ ಕುರ್ಚಿ ಸರಿಸಿದರು. ಅಮ್ಮ ಕೂರಲಿಲ್ಲ. ಅವಳಿಗೆ ಓದು ಬರುವುದಿಲ್ಲ. ಪಟ್ಟಿಯನ್ನು ಸೆಕ್ರೆಟರಿಯ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟು, “ಮೊದ್ಲಿಂದ ಓದು” ಅಂದಳು.

ಓದಿದೆ. ದೊಡ್ಡ ಮನೆಗಳ ಹೆಸರುಗಳು ಒಂದೊಂದಾಗಿ ಬಂದವು. ಅವುಗಳ ನಡುವೆ ತಾತನ ಹೆಸರು ಬಂದಾಗ ನನ್ನ ದನಿ ಸಣ್ಣಗಾಯಿತು.

“ಇನ್ನೊಂದ್ಸಲ ಓದು,” ಅಂದಳು ಅಮ್ಮ. “ಜೋರಾಗಿ ಓದು, ಬೀದೀಗೆ ಕೇಳ್ಬೇಕು.”